ಧೂಳು ತಿಂದವರ ಸಂಘ

"ಮಡ್‌ಗಾರ್ಡ್, ಬಂಪರ್ ಎಲ್ಲಾ ಕಿತ್ತು ಬಿಸಾಕಿ, ಎಂಜಿನ್ ಕೆದಕಿ ಜೋರಾಗಿ ಓಡೋ ಹಾಗೆ ಮಾಡಿದ ಹಳೇ ಕಾರೇ ಹಾಟ್ ರಾಡ್" ಅಂದ ಸೀನ.

"ನಮ್ಮ ಮಾವನ ಅಂಬಾಸಿಡರ್‌ನಲ್ಲಿ ಅವೆಲ್ಲಾ ತಾವಾಗೇ ಉದುರಿವೆ. ಅದೂ ಹಾಟ್ ರಾಡೇನಾ?" ಮೂರ್ತಿ ಕೇಳಿದ.

"ಅದು ಓಡಬೇಕಲ್ಲಪ್ಪಾ!"

ಸೀನನಿಗೆ ಈ ವಿಷಯ ಸಿಕ್ಕರೆ ಕಾಫಿ ಆರಿದ್ದೂ ಗೊತ್ತಾಗುವುದಿಲ್ಲ. ಶುರು ಮಾಡಿದ. ಲಾಸ್ ಏಂಜಲೀಸ್ ಕಡೆಯ ಹುಡುಗರು ಹಳೇ ಫೋರ್ಡುಗಳನ್ನು ಮುರಾಕ್ ಅನ್ನೋ ಒಣ ಕೆರೆಗೆ ಒಯ್ಯುತ್ತಿದ್ದರು. ನೆಲ ಗಾರೆ ಹಾಕಿದ ಹಾಗೆ ಗಟ್ಟಿ. ಸಾಲಾಗಿ ನಿಂತು ಒಟ್ಟಿಗೇ ಬಿಡೋದು. ಮುಂದಿದ್ದವನಿಗೆ ಮಾತ್ರ ದಾರಿ ಕಾಣುತ್ತಿತ್ತು, ಉಳಿದವರಿಗೆಲ್ಲ ಧೂಳು.

"ಕಾಣದಿದ್ದರೆ ಬ್ರೇಕ್ ಹಾಕಬೇಕು, ಅಲ್ವಾ?" ಅಂದೆ.

"ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನೆ. ಅವನಿಗೆ ನೀನೂ ಕಾಣೋದಿಲ್ಲ."

1937ರಲ್ಲಿ ರೋಡ್ ರನ್ನರ್ಸ್ ಅನ್ನೋ ಕ್ಲಬ್ ಹುಟ್ಟಿತು. ವಾಲಿ ಪಾರ್ಕ್ಸ್ ಅದರ ಸ್ಥಾಪಕರಲ್ಲಿ ಒಬ್ಬ. ಅದೇ ವರ್ಷ ಅಲ್ಲಿನ ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು. ಬರಬರುತ್ತಾ ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ಹಿಡಿದು ವೇಗ ಅಳೆಯೋದೇ ಪದ್ಧತಿಯಾಯಿತು. ಯುದ್ಧದ ಹೊತ್ತಿಗೆ ಮುರಾಕ್ ಸೈನ್ಯದ ಪಾಲಾಯಿತು, ಈಗಿನ ಎಡ್ವರ್ಡ್ಸ್ ವಾಯುನೆಲೆ ಅದೇ. ಇವರು ಎಲ್ ಮಿರಾಜ್ ಅನ್ನೋ ಇನ್ನೊಂದು ಒಣ ಕೆರೆ ಹಿಡಿದರು. ಅಲ್ಲಿ ಈಗಲೂ ಓಡಿಸುತ್ತಾರೆ.

"ಇಷ್ಟು ವರ್ಷ ಒಣ ಕೆರೆ ಹಾಗೇ ಉಳಿದಿದೆಯಾ? ಬೆಂಗಳೂರಲ್ಲಾಗಿದ್ದರೆ ಲೇಔಟ್ ಆಗಿ, ಸೈಟ್ ಮಾರಿ, ಮಳೆಗಾಲದಲ್ಲಿ ಮತ್ತೆ ಕೆರೆ ಆಗಿರುತ್ತಿತ್ತು" ಅಂದ ಮೂರ್ತಿ.

ಸೀನ ಕೇಳಿಸಿಕೊಳ್ಳಲಿಲ್ಲ. 1946ರಲ್ಲಿ ಬಿಲ್ ಬರ್ಕ್ ಅನ್ನೋನು ಯುದ್ಧವಿಮಾನಕ್ಕೆ ಕೆಳಗೆ ತಗುಲಿಸೋ ಪೆಟ್ರೋಲ್ ಟ್ಯಾಂಕ್ ತಂದನಂತೆ. ಗುಜರಿ ಮಾಲು. ಗಾಳಿ ಸೀಳೋ ಹಾಗೆ ನುಣ್ಣಗಿತ್ತು. ಅದಕ್ಕೇ ಎಂಜಿನ್, ನಾಲ್ಕು ಚಕ್ರ ಜೋಡಿಸಿ ಕಾರು ಮಾಡಿದ.

"ಟ್ಯಾಂಕೇ ಕಾರಾದರೆ ಪೆಟ್ರೋಲ್ ಎಲ್ಲಿ ಹಾಕೋದು?"

"ಅದಕ್ಕೆ ಬೇರೆ ಸಣ್ಣ ಟ್ಯಾಂಕ್ ಇರುತ್ತೆ ಕಣೋ!"

ಆಮೇಲೆ ಕ್ಲಬ್ಬಿನ ಫಲಕದ ಮಾತು ಬಂತು. ಅಲ್ಯೂಮಿನಿಯಂ ಎರಕದ್ದು. ಹೆಸರು ಕಾಣೋ ಹಾಗೆ ಕಾರಿನ ಹಿಂದೆ ನೇತುಹಾಕುತ್ತಿದ್ದರಂತೆ.

"ನಮ್ಮಲ್ಲಿ ನಂಬರ್ ಪ್ಲೇಟ್ ಮೇಲೆ 'ತಾಲ್ಲೂಕು ಉಪಾಧ್ಯಕ್ಷರು' ಅಂತ ಬರೆಸಿದ ಹಾಗೆ" ಅಂದ ಮೂರ್ತಿ. "ಪೊಲೀಸರು ಬಿಡುತ್ತಿದ್ದರಾ?"

"ಪೊಲೀಸರಿರಲಿ, ಸಂಘದವರೇ ಬಿಡುತ್ತಿರಲಿಲ್ಲ. ಬೀದೀಲಿ ರೇಸ್ ಮಾಡಿ ಸಿಕ್ಕಿಬಿದ್ದರೆ ಅವರೇ ಕ್ರಮ ತಗೋತಿದ್ದರು."

ಮೂರ್ತಿ ಲೋಟ ಕೆಳಗಿಟ್ಟ. "ಹಾಗಾದರೆ ಫಲಕ ಯಾಕಪ್ಪಾ, ಸುಮ್ನೆ ಭಾರ!"