ಹೊಲದಲ್ಲಿ ಸಿಕ್ಕ ಹೊಳೆಯುವ ಕಲ್ಲು: ಬಂಗಾರವಾ, ಅಲ್ವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು. ಕೃಷಿ ಹೊಂಡ ತೆಗೆಸುವಾಗ ಜೆಸಿಬಿಗೆ ಬಿಳಿ ಕಲ್ಲು ಸಿಕ್ಕಿತು. ಒಡೆದರೆ ಒಳಗೆ ಹಳದಿ ಚುಕ್ಕೆಗಳು, ಕೆಲವು ಚೌಕಾಕಾರ. ಅಲ್ಲಲ್ಲಿ ತುಕ್ಕಿನ ಬಣ್ಣ. ಕಪ್ಪತಗುಡ್ಡ ಹತ್ತಿರ ಇರೋದ್ರಿಂದ ಊರವರೆಲ್ಲ ಬಂಗಾರ ಅಂತಿದ್ದಾರೆ. ಮನೆಯಲ್ಲೇ ಪರೀಕ್ಷೆ ಮಾಡಬಹುದಾ?

ಉತ್ತರ: ನಮಸ್ಕಾರ. ಊರವರ ಮಾತು ಗಾಳಿಮಾತಲ್ಲ. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಹಿಂದೆ ಜಲಗಾರರು ಮರಳು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದರು. ಆದರೆ ನೀವು ಹೇಳಿದ ಚೌಕಾಕಾರದ ಹಳದಿ ಚುಕ್ಕೆ ಬಹುತೇಕ ಪೈರೈಟ್. ಅದು ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಬಂಗಾರ ನಮ್ಮ ಬೆಣಚುಕಲ್ಲಿನಲ್ಲಿ, ಅಂದರೆ ಇಂಥ ಬಿಳಿ ಕಲ್ಲಿನಲ್ಲಿ, ಹಾಗೆ ಮೂಲೆ ಮೂಲೆಯಾಗಿ ಕೂರುವುದು ತೀರಾ ಅಪರೂಪ.

ಒಂದು ಸೂಜಿ, ಒಂದು ಭೂತಗನ್ನಡಿ ತೆಗೆದುಕೊಳ್ಳಿ. ಚುಕ್ಕೆಯ ಮೇಲೆ ಸೂಜಿ ಒತ್ತಿ. ಬಂಗಾರವಾದರೆ ಮೆತ್ತಗೆ ತಗ್ಗು ಬೀಳುತ್ತದೆ, ಪುಡಿಯಾಗುವುದಿಲ್ಲ. ಪೈರೈಟ್ ಸೂಜಿಗೆ ಜಗ್ಗುವುದಿಲ್ಲ, ಜೋರಾಗಿ ಕುಟ್ಟಿದರೆ ಚೂರಾಗುತ್ತದೆ. ತಾಮ್ರದ ಅದಿರು ಚಾಲ್ಕೋಪೈರೈಟ್ ಸ್ವಲ್ಪ ಮೆದು, ಆದರೂ ಕೆರೆದರೆ ಪುಡಿಯೇ ಬರುತ್ತದೆ. ಪದರ ಪದರವಾಗಿ ಎದ್ದರೆ ಅದು ಕಾಗೆ ಬಂಗಾರ, ಅಂದರೆ ಅಭ್ರಕ.

ಆಮೇಲೆ ಹೊಳಪಿಲ್ಲದ ಬಿಳಿ ಟೈಲ್ಸ್‌ನ ಹಿಂಬದಿಗೆ ಆ ಚುಕ್ಕೆಯನ್ನು ಉಜ್ಜಿ ನೋಡಿ. ಬಂಗಾರ ಹಳದಿ ಗೆರೆಯನ್ನೇ ಬಿಡುತ್ತದೆ. ಪೈರೈಟ್‌ನದು ಹಸಿರು ಮಿಶ್ರಿತ ಕಪ್ಪು ಗೆರೆ. ಇನ್ನೊಂದು ಗುರುತೂ ಇದೆ. ಕಲ್ಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ. ಪೈರೈಟ್, ಕಾಗೆ ಬಂಗಾರ ಒಂದು ಕೋನದಲ್ಲಿ ಮಿಂಚಿ ಮತ್ತೊಂದರಲ್ಲಿ ಮಂಕಾಗುತ್ತವೆ. ಬಂಗಾರ ನೆರಳಿನಲ್ಲೂ ಹಳದಿಯಾಗಿಯೇ ಕಾಣುತ್ತದೆ.

ಪ್ರಶ್ನೆ: ಉಜ್ಜಿ ನೋಡಿದೆ ಮೇಡಂ, ಕಪ್ಪು ಗೆರೆಯೇ ಬಂತು. ಹಾಗಾದ್ರೆ ಕಲ್ಲು ಬಿಸಾಕಿಬಿಡಲಾ?

ಉತ್ತರ: ಬೇಡ, ಇಟ್ಟುಕೊಳ್ಳಿ! ನನಗೆ ಆಸಕ್ತಿ ಇರುವುದು ಹಳದಿ ಚುಕ್ಕೆಗಿಂತ ಆ ತುಕ್ಕಿನ ಬಣ್ಣದಲ್ಲೇ. ಮಳೆ ನೀರು, ಗಾಳಿ ತಾಗಿ ಪೈರೈಟ್ ಕೊಳೆತಾಗ ಕಲ್ಲಿನಲ್ಲಿ ಚೌಕ ಚೌಕ ಗುಳಿ ಉಳಿಯುತ್ತವೆ, ಸುತ್ತ ಕೆಂಗಂದು ಪುಡಿ ಇರುತ್ತದೆ. ಪೈರೈಟ್ ಒಳಗೆ ಬಂಗಾರ ಸಿಕ್ಕಿಕೊಂಡಿದ್ದರೆ ಅದು ಕರಗದೆ ಆ ಗುಳಿಯಲ್ಲೇ ಉಳಿಯಬಹುದು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲೂ ಬಂಗಾರದ ಜೊತೆಗೆ ಪೈರೈಟ್, ಆರ್ಸೆನೋಪೈರೈಟ್ (ಆರ್ಸೆನಿಕ್ ಸೇರಿದ ಖನಿಜ) ಇವೆ. ಅಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಬಂಗಾರ. ಬರಿಗಣ್ಣಿಗೆ ಅದು ಬಹುಪಾಲು ಕಾಣುವುದೇ ಇಲ್ಲ. ಹಾಗಾಗಿ ಹೊಳೆಯುತ್ತಿದೆ ಅಂತ ಬಂಗಾರ ಇದೆ ಅನ್ನುವುದೂ ತಪ್ಪು, ಹೊಳೆಯುತ್ತಿಲ್ಲ ಅಂತ ಇಲ್ಲ ಅನ್ನುವುದೂ ತಪ್ಪು.

ಗಟ್ಟಿ ಉತ್ತರ ಬೇಕಾದರೆ ಲ್ಯಾಬ್‌ನಲ್ಲಿ ಫೈರ್ ಅಸ್ಸೇ ಮಾಡಿಸಬೇಕು. ಕಲ್ಲಿನ ಪುಡಿಯನ್ನು ಸೀಸದ ಆಕ್ಸೈಡ್ ಜೊತೆ ಕುಲುಮೆಯಲ್ಲಿ ಕರಗಿಸುತ್ತಾರೆ. ಸೀಸ ಬಂಗಾರ, ಬೆಳ್ಳಿಯನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಆಮೇಲೆ ಸೀಸವನ್ನು ತೆಗೆದರೆ ಸಾಸಿವೆಗಿಂತ ಚಿಕ್ಕ ಗುಂಡು ಉಳಿಯುತ್ತದೆ. ಅದರಿಂದ ಬೆಳ್ಳಿಯನ್ನು ಬೇರೆ ಮಾಡಿ ತೂಗುತ್ತಾರೆ.

ಮತ್ತೊಬ್ಬರ ಪ್ರಶ್ನೆ: ನೈಟ್ರಿಕ್ ಆಸಿಡ್ ಹಾಕಿದ್ರೆ ತಕ್ಷಣ ಗೊತ್ತಾಗುತ್ತೆ ಅಂತಾರಲ್ಲ? ಇಲ್ಲಾ ಒಲೆ ಮೇಲೆ ಸುಟ್ಟರೆ?

ಉತ್ತರ: ದಯವಿಟ್ಟು ಎರಡೂ ಬೇಡ. ಪೈರೈಟ್‌ಗೆ ನೈಟ್ರಿಕ್ ಆಸಿಡ್ ತಾಗಿದರೆ ಕಂದು ಬಣ್ಣದ ವಿಷದ ಹೊಗೆ ಏಳುತ್ತದೆ. ಆರ್ಸೆನೋಪೈರೈಟ್ ಇದ್ದರೆ ಸುಡುವಾಗ ಪಾಷಾಣವೇ, ಅಂದರೆ ಆರ್ಸೆನಿಕ್ ವಿಷವೇ, ಹೊಗೆಯಾಗಿ ಬರುತ್ತದೆ. ಸುತ್ತಿಗೆಯಲ್ಲಿ ಹೊಡೆದಾಗ ಬೆಳ್ಳುಳ್ಳಿ ವಾಸನೆ ಬಂದರೆ ಆ ಕಲ್ಲನ್ನು ಅಲ್ಲೇ ಬಿಟ್ಟು ಕೈ ತೊಳೆದುಕೊಳ್ಳಿ. ಒಣ ಬೆಣಚುಕಲ್ಲನ್ನು ಮನೆಯಲ್ಲಿ ಕುಟ್ಟಲೂ ಬೇಡಿ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಹೋಗುವುದಿಲ್ಲ. ಕೋಲಾರದ ಗಣಿಯಲ್ಲಿ ದುಡಿದ ಎಷ್ಟೋ ಜನ ಇದೇ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದು ನರಳಿದ್ದಾರೆ.

ಮೊದಲಿನವರೇ: ಒಬ್ಬರು ಬಂದು, "ಕಲ್ಲು ಕೊಡಿ, ಟೆಸ್ಟ್ ಮಾಡಿಸ್ತೀನಿ, ಈಗ ಸ್ವಲ್ಪ ದುಡ್ಡು ಕಟ್ಟಿ" ಅಂದರು. ಕೊಡಲಾ?

ಉತ್ತರ: ಕೊಡಬೇಡಿ. ನೀವೇ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಎಲ್ಲಿ ಪರೀಕ್ಷೆ ಮಾಡಿಸಬೇಕು ಅಂತ ಕೇಳಿ. ಚೆನ್ನಾಗಿ ಕಾಣುವ ತುಂಡನ್ನೇ ಆರಿಸಿ ಒಯ್ಯಬೇಡಿ. ಹಾಗೆ ಮಾಡಿದರೆ ಲ್ಯಾಬ್ ಹೇಳುವುದು ಆ ತುಂಡಿನ ಕಥೆ ಮಾತ್ರ. ಬಿಳಿ ಕಲ್ಲಿನ ಪಟ್ಟಿ ಹೊಂಡದ ಗೋಡೆಯಲ್ಲಿ ಕಾಣುತ್ತಿದೆಯಾ ನೋಡಿ. ಕಂಡರೆ ಅದರ ಅಡ್ಡಗಲಕ್ಕೂ ಚೂರು ಚೂರು ತೆಗೆದು ಒಂದೆರಡು ಕೆಜಿ ಮಾಡಿ. ಪಕ್ಕದ ಹಸಿರು-ಕಪ್ಪು ಬಣ್ಣದ ಕಲ್ಲನ್ನು ಬೇರೆ ಚೀಲದಲ್ಲಿ ಹಾಕಿ. ಎಷ್ಟು ಅಡಿ ಆಳದಲ್ಲಿ ಸಿಕ್ಕಿತು, ಪಟ್ಟಿ ಯಾವ ದಿಕ್ಕಿಗೆ ಹೋಗಿದೆ ಅಂತ ಬರೆದಿಡಿ. ನನ್ನ ಕೇಳಿದರೆ ಕಲ್ಲಿಗಿಂತ ಆ ಚೀಟಿಗೇ ಬೆಲೆ ಜಾಸ್ತಿ.

ಹೊಲ ನಿಮ್ಮದೇ ಆದರೂ ಬಂಗಾರಕ್ಕಾಗಿ ಅಗೆಯುವುದಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆ ಅನ್ವಯಿಸುತ್ತದೆ, ಪರವಾನಗಿ ಬೇಕು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಹೋಲಿಸಿ ನೋಡೋಣ ಅಂತ ಸುಮ್ನೆ ಗುಡ್ಡ ಹತ್ತಿ ಅಲ್ಲಿನ ಕಲ್ಲು ತರಬೇಡಿ. ಹೊಂಡದ ಗೋಡೆಯ ಫೋಟೋ ತೆಗೆದು ಇಲ್ಲಿ ಹಾಕಿ, ಪಕ್ಕದಲ್ಲಿ ಒಂದು ಪೆನ್ ಇಟ್ಟಿರಿ, ಅಳತೆ ತಿಳಿಯುತ್ತದೆ.