ಭಾವ ಶಾರ್ಜಾದಿಂದ ಹಳೆಯ ವಿಆರ್ ಸೆಟ್ ತರುತ್ತಾರಂತೆ, ತೆಗೆದುಕೊಳ್ಳಲೋ ಬೇಡವೋ?

ಪೆರ್ಲದ ಹುಡುಗ

ಎಲ್ಲರಿಗೂ ನಮಸ್ಕಾರ. ಭಾವ ಶಾರ್ಜಾದಲ್ಲಿದ್ದಾರೆ, ಬಿಸು ಹಬ್ಬಕ್ಕೆ ಊರಿಗೆ ಬರುತ್ತಾರೆ. ಅವರ ರೂಮಿನವರೊಬ್ಬರು 2016ರ ಆಕ್ಯುಲಸ್ ರಿಫ್ಟ್ ಮಾರುತ್ತಿದ್ದಾರಂತೆ, ಕಂಪ್ಯೂಟರ್‌ಗೆ ಸಿಕ್ಕಿಸಿ ತಲೆಗೆ ಹಾಕಿ ಗೇಮ್ ಒಳಗೇ ಇದ್ದ ಹಾಗೆ ಆಡುವ ವಿಆರ್ ಹೆಡ್‌ಸೆಟ್. ಎರಡು ಟಚ್ ಕಂಟ್ರೋಲರ್, ಎರಡು ಸೆನ್ಸರ್ ಜೊತೆಗೆ. ನಮ್ಮ ದುಡ್ಡಲ್ಲಿ 14 ಸಾವಿರ. ಅವರ ಹತ್ತಿರವೇ ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ಎಂಬ ಮೈಕ್ರೋಸಾಫ್ಟ್ ಸಾಫ್ಟ್‌ವೇರ್‌ನಲ್ಲಿ ಓಡುವ ಇನ್ನೊಂದು ವಿಆರ್ ಸೆಟ್ಟೂ ಉಂಟಂತೆ, ಅದು 9 ಸಾವಿರ.

ನನ್ನದು ಎನ್‌ವಿಡಿಯಾದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್. ಜಾಸ್ತಿ ಆಡುವುದು ಕಾರ್ ರೇಸು, ಸ್ವಲ್ಪ ಶೂಟಿಂಗ್. ಕೈಯಲ್ಲಿರುವುದು ರಜೆಯಲ್ಲಿ ಅಡಿಕೆ ಸುಲಿದು ಕೂಡಿಟ್ಟ 16 ಸಾವಿರ. ಒಮ್ಮೆ ಹೋದರೆ ಮತ್ತೆ ಅಷ್ಟು ಸೇರಿಸಲು ಒಂದು ವರ್ಷ ಬೇಕು. ಇಲ್ಲಿ ಯಾರ ಮನೆಯಲ್ಲೂ ಇಂಥದ್ದಿಲ್ಲ, ಹಾಕಿ ನೋಡಲು ದಾರಿಯಿಲ್ಲ. ಹಳೆಯ ಸೆಟ್ ಆ ಬೆಲೆಗೆ ಬಾಳುತ್ತದಾ? ಬಳಸಿದವರು ಹೇಳಿ.

ಮುಳ್ಳೇರಿಯ ಕಂಪ್ಯೂಟರ್

ತಮ್ಮಾ, ಮೊದಲ ತಲೆಮಾರಿನ ಒಂದು ಸೆಟ್ ನಾನು 2017ರಲ್ಲಿ ತೆಗೆದುಕೊಂಡವ. ಯಾವ ಕಂಪನಿಯದ್ದು ಎಂದು ಬೇಡ. ಈಗಲೂ ನನ್ನ ರಿಪೇರಿ ಅಂಗಡಿಯ ಅಟ್ಟದಲ್ಲಿ ಉಂಟು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನೀವು ಕಾರ್ ರೇಸು ಆಡುವವರು ಅಂದಿರಲ್ಲ, ಅದಕ್ಕೆ. ನಾನು ಅಸೆಟ್ಟೊ ಕೋರ್ಸಾ ಎಂಬ ರೇಸ್ ಗೇಮ್‌ನಲ್ಲಿ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನ ಹಳೆಯ ಟ್ರ್ಯಾಕ್ ಮಾನಿಟರ್‌ನಲ್ಲಿ ನೂರಾರು ಸಲ ಓಡಿಸಿದ್ದೆ. ಒಂದು ಸುತ್ತು 20 ಕಿಲೋಮೀಟರ್‌ಗಿಂತ ಜಾಸ್ತಿ. ತಿರುವುಗಳೆಲ್ಲ ಬಾಯಿಪಾಠ. ಹೆಡ್‌ಸೆಟ್ ಹಾಕಿದ ದಿನ ಗೊತ್ತಾಯಿತು, ಆ ರಸ್ತೆ ಗುಡ್ಡ ಹತ್ತಿ ಇಳಿಯುತ್ತದೆ! ಮಾನಿಟರ್‌ನಲ್ಲಿ ಎಲ್ಲ ಚಪ್ಪಟೆ ಕಾಣುತ್ತಿತ್ತು. ಇಲ್ಲಿ ಏರು ಬಂದರೆ ಆಕಾಶ ಮಾತ್ರ ಕಾಣುತ್ತದೆ, ತುದಿ ದಾಟಿದ ಕೂಡಲೇ ಹೊಟ್ಟೆಯೊಳಗೆ ಏನೋ ಜಾರಿದ ಹಾಗೆ. ತಿರುವು ಬರುವ ಮೊದಲೇ ಕತ್ತು ತನ್ನಷ್ಟಕ್ಕೆ ಆ ಕಡೆ ತಿರುಗುತ್ತದೆ, ಘಾಟಿಯಲ್ಲಿ ಗಾಡಿ ಓಡಿಸುವಾಗ ತಿರುಗಿಸುತ್ತೇವಲ್ಲ, ಹಾಗೆಯೇ. ಕುಳಿತು ಆಡುವ ರೇಸು, ವಿಮಾನ ಇಂಥ ಗೇಮ್‌ಗಳಿಗೆ ಅದರಷ್ಟು ಖುಷಿ ಕೊಟ್ಟದ್ದು ನನಗೆ ಬೇರೊಂದಿಲ್ಲ. ಆ ಒಂದು ತಿಂಗಳನ್ನು ನಾನು ಮರೆತಿಲ್ಲ.

ಇನ್ನು ಬೆಲೆಯ ಮಾತು. ರಿಫ್ಟ್ 2016ರ ಮಾರ್ಚ್‌ನಲ್ಲಿ ಬಂದಾಗ 599 ಡಾಲರ್. ಕೈಗೆ ಹಿಡಿಯುವ ಟಚ್ ಆಗ ಇರಲೇ ಇಲ್ಲ, ಪೆಟ್ಟಿಗೆಯಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್ ಕೊಡುತ್ತಿದ್ದರು. ಡಿಸೆಂಬರ್‌ನಲ್ಲಿ ಟಚ್ ಬಂತು, ಅದಕ್ಕೆ ಮತ್ತೆ 199. ಒಟ್ಟು 798 ಆಯಿತಲ್ಲ? 2017ರ ಅಕ್ಟೋಬರ್ ಹೊತ್ತಿಗೆ ಎರಡೂ ಸೇರಿ 399. ಮೊದಲೇ ಕೊಂಡವರ ಅರ್ಧ ದುಡ್ಡು ಒಂದೂವರೆ ವರ್ಷದಲ್ಲಿ ಕರಗಿತು. ಆ ಕಾಲದ ಇನ್ನೊಂದು ವಿಆರ್ ಸೆಟ್ ಎಚ್‌ಟಿಸಿ ವೈವ್ ನಮ್ಮ ದೇಶಕ್ಕೆ 2017ರಲ್ಲಿ ಬಂದದ್ದು ಸುಮಾರು 93 ಸಾವಿರಕ್ಕೆ. ಅದರ ಮೇಲೆ ಕಂಪ್ಯೂಟರ್ ಬೇರೆ. ಶುರುವಿನಲ್ಲಿ ಕೇಳುತ್ತಿದ್ದದ್ದು ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡ್. ಅಷ್ಟು ದುಡ್ಡಿಗೆ ಆಗ ಇದ್ದ ಗೇಮ್‌ಗಳಲ್ಲಿ ಹೆಚ್ಚಿನವು ಒಂದೆರಡು ಗಂಟೆಯಲ್ಲಿ ಮುಗಿಯುವಂಥವು. ಹಾಫ್-ಲೈಫ್: ಅಲಿಕ್ಸ್‌ನಂಥ ದೊಡ್ಡ ಗೇಮ್ ಬರಬೇಕಾದರೆ 2020 ಆಯಿತು. ಹಾಗಾಗಿ ಹೊಸದಿದ್ದಾಗ ಅದು ಬೆಲೆಗೆ ಬಾಳಲಿಲ್ಲ ಎಂದೇ ನನ್ನ ಅಭಿಪ್ರಾಯ.

ಈಗ 14 ಸಾವಿರಕ್ಕೆ? ಅದು ನಿಮ್ಮ ಲ್ಯಾಪ್‌ಟಾಪ್ ಮೇಲೆ ನಿಂತಿದೆ. ರಿಫ್ಟ್‌ಗೆ ಒಂದು ಎಚ್‌ಡಿಎಂಐ ಪೋರ್ಟ್ ಬೇಕು, ಅದು ನೇರ ಎನ್‌ವಿಡಿಯಾ ಚಿಪ್‌ಗೆ ಜೋಡಿಸಿರಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಹೋಗುವುದು ಇಂಟೆಲ್ ಗ್ರಾಫಿಕ್ಸ್‌ಗೆ. ಹಾಗಿದ್ದರೆ 1650 ಇದ್ದರೂ ಹೆಡ್‌ಸೆಟ್‌ನಲ್ಲಿ ಏನೂ ಕಾಣುವುದಿಲ್ಲ. ನೋಡುವುದು ಸುಲಭ: ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಫಿಸ್‌ಎಕ್ಸ್ ಸೆಟ್ಟಿಂಗ್‌ಗೆ ಹೋಗಿ. ಯಾವ ಪೋರ್ಟ್ ಯಾವ ಚಿಪ್‌ಗೆ ಎಂದು ಚಿತ್ರದಲ್ಲೇ ತೋರಿಸುತ್ತದೆ. ಹೆಡ್‌ಸೆಟ್‌ಗೆ ಒಂದು, ಸೆನ್ಸರ್‌ಗಳಿಗೆ ಎರಡು, ಹೀಗೆ ಮೂರು ಯುಎಸ್‌ಬಿಯೂ ಬೇಕು. ಮೌಸ್ ಎಲ್ಲಿ ಸಿಕ್ಕಿಸುತ್ತೀರಿ ಎಂದು ಈಗಲೇ ಲೆಕ್ಕ ಹಾಕಿ.

ಚಿತ್ರದ ಬಗ್ಗೆಯೂ ಆಸೆ ಜಾಸ್ತಿ ಬೇಡ. ಒಂದೊಂದು ಕಣ್ಣಿಗೆ 1080x1200 ಪಿಕ್ಸೆಲ್ ಅಷ್ಟೇ. ಸೊಳ್ಳೆ ಪರದೆಯ ಒಳಗೆ ಕುಳಿತು ಹೊರಗೆ ನೋಡಿದ ಹಾಗಿರುತ್ತದೆ. ದೂರದ ಬೋರ್ಡು ಓದಲು ಆಗುವುದಿಲ್ಲ. 2020ರಲ್ಲಿ ಬಂದ ಕ್ವೆಸ್ಟ್ 2 ಎಂಬ ವಿಆರ್ ಸೆಟ್‌ನಲ್ಲಿ ಒಂದು ಕಣ್ಣಿಗೆ 1832x1920, ಜೊತೆಗೆ ಕಂಪ್ಯೂಟರ್ ಇಲ್ಲದೆಯೂ ಓಡುತ್ತದೆ.

ನಮ್ಮ ಊರಿನ ಮಳೆಗಾಲವನ್ನೂ ಮರೆಯಬೇಡಿ. ಮುಖಕ್ಕೆ ತಾಗುವ ಸ್ಪಂಜು ಬೆವರು ಕುಡಿದಿರುತ್ತದೆ. ಜೂನ್‌ನಲ್ಲಿ ಕಪಾಟಿನಲ್ಲಿಟ್ಟು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೆಗೆದಾಗ ನನ್ನದು ಪೂರ್ತಿ ಬೂಷ್ಟು. ಈಗ ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಒಣಗಲಿ ಎಂದು ಮಾತ್ರ ಬಿಸಿಲಿಗೆ ಇಡಬೇಡಿ. ಲೆನ್ಸ್ ಮೂಲಕ ಬಿಸಿಲು ಒಳಗೆ ಬಿದ್ದರೆ ಭೂತಗನ್ನಡಿಯ ಹಾಗೆ ಸ್ಕ್ರೀನನ್ನೇ ಸುಡುತ್ತದೆ.

ಮಂಜೇಶ್ವರದ ಅಕ್ಕ

ಮೇಲಿನವರು ಹೊಟ್ಟೆ ಜಾರಿದ್ದನ್ನು ಖುಷಿಯಿಂದ ಬರೆದಿದ್ದಾರೆ. ನನಗೆ ಅದೇ ಕಷ್ಟ ಆಯಿತು. ಮಂಗಳೂರಿನ ಒಂದು ಗೇಮ್ ಸೆಂಟರ್‌ನಲ್ಲಿ ತಮ್ಮನ ಜೊತೆ ಹೋಗಿ ಹಾಕಿದ್ದೆ. ಹತ್ತು ನಿಮಿಷಕ್ಕೆ ಬೆವರು, ವಾಂತಿ ಬಂದ ಹಾಗೆ, ಚಾರ್ಮಾಡಿಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕುಳಿತ ಹಾಗೆ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಕಿವಿಯ ಒಳಗಿನ ಸಮತೋಲದ ಅಂಗ ಇಲ್ಲ, ಕುಳಿತಿದ್ದೇನೆ ಅನ್ನುತ್ತದೆ. ಅದರಿಂದಲೇ ಹೀಗಾಗುವುದು. ಬಸ್ಸಿನಲ್ಲಿ ನಿಮಗೆ ತಲೆ ತಿರುಗುತ್ತದಾ? ಹಾಗಿದ್ದರೆ ಹಾಕಿ ನೋಡದೆ ದುಡ್ಡು ಕೊಡಲೇಬೇಡಿ. ಸಹಿಸಿಕೊಂಡು ಆಡಿದರೆ ಅಭ್ಯಾಸ ಆಗುತ್ತದೆ ಎಂದು ನಾನೂ ಹಟ ಹಿಡಿದೆ. ಆ ದಿನ ರಾತ್ರಿ ಊಟ ಸೇರಲಿಲ್ಲ. ಸ್ವಲ್ಪ ಹೀಗೆ ಅನ್ನಿಸಿದ ಕೂಡಲೇ ತೆಗೆದಿಡಬೇಕು. ಬೀಟ್ ಸೇಬರ್ ಥರದ, ನಿಂತಲ್ಲೇ ಕೈ ಬೀಸುವ ಆಟದಲ್ಲಿ ನನಗೆ ಏನೂ ಆಗಲಿಲ್ಲ.

ಕನ್ನಡಕ ಇದ್ದರೆ ಅದನ್ನೂ ಯೋಚಿಸಿ. ಅಗಲದ ಫ್ರೇಮ್ ಒಳಗೆ ಹೋಗುವುದಿಲ್ಲ, ಹೋದರೂ ಲೆನ್ಸ್‌ಗೆ ಗೀರು ಬೀಳುತ್ತದೆ.

ಉಪ್ಪಳ 22

9 ಸಾವಿರದ್ದನ್ನು ಮುಟ್ಟಬೇಡಿ. ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ನಿಲ್ಲಿಸುತ್ತೇವೆ ಎಂದು ಮೈಕ್ರೋಸಾಫ್ಟ್ 2023ರ ಡಿಸೆಂಬರ್‌ನಲ್ಲೇ ಹೇಳಿತು. ವಿಂಡೋಸ್ 11ರ 24ಎಚ್2 ಅಪ್‌ಡೇಟ್‌ನಲ್ಲಿ ಅದನ್ನು ತೆಗೆದೇ ಬಿಟ್ಟಿದ್ದಾರೆ. ಹೆಡ್‌ಸೆಟ್ ಎಷ್ಟೇ ಹೊಸದಾಗಿದ್ದರೂ ಅದನ್ನು ಓಡಿಸುವ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಇಲ್ಲ. ಅಗ್ಗಕ್ಕೆ ಸಿಗುವುದು ಅದಕ್ಕೇ.

ಪೆರ್ಲದ ಹುಡುಗ

ತುಂಬಾ ಉಪಕಾರ ಆಯಿತು. ಅಣ್ಣ ಹೇಳಿದ ಫಿಸ್‌ಎಕ್ಸ್ ಪೇಜ್ ಈಗಷ್ಟೇ ನೋಡಿದೆ. ಎಚ್‌ಡಿಎಂಐ ಇಂಟೆಲ್‌ಗೆ ಜೋಡಿಸಿದ್ದು. ಬೇರೆ ಡಿಸ್‌ಪ್ಲೇ ಪೋರ್ಟ್ ಇಲ್ಲ. ನೋಡದೆ ದುಡ್ಡು ಕಳಿಸಿದ್ದರೆ ಏನು ಗತಿ? ಎರಡೂ ಬೇಡ ಎಂದು ಭಾವನಿಗೆ ಮೆಸೇಜ್ ಹಾಕಿದೆ. ಆದರೆ ಆ ಗುಡ್ಡ ಹತ್ತುವ ರಸ್ತೆಯ ಬಗ್ಗೆ ಓದಿದ ಮೇಲೆ ಆಸೆ ಹೋಗುತ್ತಿಲ್ಲ. ಬಸ್ಸಿನಲ್ಲಿ ತಲೆ ತಿರುಗುವುದಿಲ್ಲ ಅಕ್ಕ, ಕನ್ನಡಕವೂ ಇಲ್ಲ.

ಮುಳ್ಳೇರಿಯ ಕಂಪ್ಯೂಟರ್

ಹಾಗಾದರೆ ಭಾನುವಾರ ಅಂಗಡಿಗೆ ಬನ್ನಿ. ಸ್ಪಂಜು ಹೊಸತು ಹಾಕಿದ್ದೇನೆ, ಡೆಸ್ಕ್‌ಟಾಪ್‌ಗೆ ಸಿಕ್ಕಿಸಿ ಕೊಡುತ್ತೇನೆ. ಸ್ಟಿಯರಿಂಗ್ ಉಂಟು. ಎರಡು ಸುತ್ತು ಓಡಿಸಿ ನೋಡಿ, 16 ಸಾವಿರಕ್ಕೆ ಇನ್ನೆಷ್ಟು ಸೇರಿಸಿ ಕ್ವೆಸ್ಟ್ ತೆಗೆದುಕೊಳ್ಳುವುದು ಎಂದು ಆಮೇಲೆ ಕುಳಿತು ಲೆಕ್ಕ ಹಾಕೋಣ. ಬೆಳಿಗ್ಗೆ ಹತ್ತರ ಒಳಗೆ ಬಂದರೆ ಒಳ್ಳೆಯದು, ಮಧ್ಯಾಹ್ನ ಕರೆಂಟ್ ಇರುತ್ತದೆ ಎಂದು ಹೇಳಲಾಗುವುದಿಲ್ಲ.