2007ರ ಪೆಟ್ರೋಲ್ ಕಾರು, ಅಗ್ಗದ ಬ್ಲೂಟೂತ್ ಓಬಿಡಿ: ಫೋನಿಗೆ ಸಿಗುತ್ತೆ, ಇಸಿಯು ಸಿಗಲ್ಲ

ಹಾಸನ_ಹ್ಯಾಚ್‌ಬ್ಯಾಕ್:
ನಮಸ್ಕಾರ. ಗಾಡಿ 2007ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸ್ಟೇರಿಂಗ್ ಕೆಳಗೆ 16 ಪಿನ್ ಸಾಕೆಟ್ ಇದೆ. ಓಬಿಡಿ (ಗಾಡಿ ತನ್ನ ದೋಷ ತಾನೇ ಗುರುತಿಸೋ ವ್ಯವಸ್ಥೆ) ಓದೋಕೆ ಇಎಲ್ಎಂ327 ಅನ್ನೋ ಚಿಪ್ ಹೆಸರು ಬರೆದಿರೋ ನೀಲಿ ಅಡಾಪ್ಟರ್ ಹಾಕಿದರೆ ಲೈಟ್ ಬರುತ್ತೆ, 1234 ಕೊಟ್ಟರೆ ಆಂಡ್ರಾಯ್ಡ್ ಫೋನಿಗೆ ಪೇರ್ ಆಗುತ್ತೆ. ಟಾರ್ಕ್ ಆಪ್ ಅಡಾಪ್ಟರನ್ನು ಗುರುತಿಸುತ್ತೆ, ಇಸಿಯು (ಇಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಮಾತ್ರ ಸಿಗದೆ ಹುಡುಕ್ತಾನೇ ಇರುತ್ತೆ. ಅಡಾಪ್ಟರ್ ವರ್ಷನ್ 2.1 ಅಂತ ತೋರಿಸುತ್ತೆ. ಇದನ್ನೇ 2018ರ ಗಾಡಿಗೆ ಹಾಕಿದರೆ ತಕ್ಷಣ ಓದುತ್ತೆ. ಚೆಕ್ ಇಂಜಿನ್ ಲೈಟ್ ಆಗಾಗ ಹತ್ತಿ ಆರ್ತಿದೆ. ಅಡಾಪ್ಟರ್ ಬದಲಿಸಬೇಕಾ, ಗಾಡಿ ವೈರಿಂಗೇ ನೋಡಬೇಕಾ?

ಮೂಡಿಗೆರೆ_ವೈರಿಂಗ್:
ಸರ್, 2018ರ ಗಾಡಿಯನ್ನ ಓದಿತು ಅಂದ ಮೇಲೆ ಫೋನು, ಆಪ್, ಬ್ಲೂಟೂತ್ ಮೂರೂ ಸರಿ ಇವೆ. ಆ ಗಾಡಿ ಮಾತಾಡೋದು ಕ್ಯಾನ್ ಲೈನಲ್ಲಿ (ಹೊಸ ಗಾಡಿಗಳ ಎರಡು ತಂತಿಯ ಸಂಪರ್ಕ), 6 ಮತ್ತು 14ನೇ ಪಿನ್. ನಿಮ್ಮದು ಮಾತಾಡೋದೇ ಆದರೆ ಬಹುಶಃ ಕೆ-ಲೈನಲ್ಲಿ (ಹಳೇ, ಒಂದೇ ತಂತಿಯ ಸಂಪರ್ಕ), 7ನೇ ಪಿನ್. 2.1 ಅಂತ ಹೇಳಿಕೊಳ್ಳೋ ಅಗ್ಗದ ನಕಲಿಗಳಲ್ಲಿ ಬಹಳಷ್ಟಕ್ಕೆ ಕೆ-ಲೈನ್ ನೆಟ್ಟಗೆ ಕೆಲಸ ಮಾಡಲ್ಲ.

"ಮಾತಾಡೋದೇ ಆದರೆ" ಅಂದಿದ್ದು ಸುಮ್ಮನೆ ಅಲ್ಲ. 16 ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಓಬಿಡಿ-2 ಇದೆ ಅಂತಲ್ಲ. ನಮ್ಮ ದೇಶದಲ್ಲಿ ಬಿಎಸ್4 (ಹೊಗೆ ನಿಯಮ) ಗಾಡಿಗಳಿಗೆ ಓಬಿಡಿ-1 ಬಂದಿದ್ದು 2010ರ ಏಪ್ರಿಲ್‌ನಲ್ಲಿ, ಓಬಿಡಿ-2 ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಅದೇ ಆಕಾರದ ಸಾಕೆಟ್ ಇಟ್ಟು ಒಳಗೆ ಕಂಪನಿಯ ಸ್ವಂತ ಭಾಷೆ ಓಡಿಸಿರೋದು ಉಂಟು. ತೋಟದ ಹಳೇ ಡೀಸೆಲ್ ಜೀಪುಗಳ ಬಗ್ಗೆಯೂ ಇಲ್ಲಿ ಕೇಳ್ತಿರ್ತಾರೆ: ಮೆಕ್ಯಾನಿಕಲ್ ಪಂಪ್ ಇರೋ ಗಾಡಿಗೆ ಇಸಿಯುನೇ ಇಲ್ಲ, ಯಾವ ಅಡಾಪ್ಟರೂ ಬೇಡ.

ದುಡ್ಡು ಹಾಕೋ ಮುಂಚೆ ಮಲ್ಟಿಮೀಟರ್ ಹಿಡೀರಿ. ಸಾಕೆಟ್ಟಿನ ಅಗಲದ ಬದಿ ಮೇಲಿದ್ದರೆ ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನದು 9ರಿಂದ 16. ಮೊದಲು ಟಾರ್ಚ್ ಬಿಟ್ಟು ಯಾವ ತೂತಲ್ಲಿ ಟರ್ಮಿನಲ್ ಇದೆ, ಯಾವುದು ಖಾಲಿ ಅಂತ ನೋಡಿ. ಆಮೇಲೆ ಕೀ ಆನ್, ಇಂಜಿನ್ ಆಫ್. ಕಪ್ಪು ಪ್ರೋಬ್ 4ಕ್ಕೆ, ಕೆಂಪು 16ಕ್ಕೆ: 12 ವೋಲ್ಟ್ ಆಸುಪಾಸು ಬರಬೇಕು. ಕೆಂಪನ್ನ 7ಕ್ಕೆ ತಂದಾಗ ಬ್ಯಾಟರಿ ವೋಲ್ಟೇಜಿಗೆ ಹತ್ತಿರ ಬಂದರೆ ಕೆ-ಲೈನ್ ಇದೆ. 6, 14ರಲ್ಲಿ 2.5 ವೋಲ್ಟ್ ಸುಮಾರು ಬಂದರೆ ಕ್ಯಾನ್. ಪ್ರೋಬನ್ನ ಒಳಗೆ ತುರುಕಬೇಡಿ, ಮೊನೆ ತಾಗಿಸಿದರೆ ಸಾಕು. ಟರ್ಮಿನಲ್ ಬಾಯಿ ಅಗಲ ಆದರೆ ಆಮೇಲೆ ಅಡಾಪ್ಟರ್ ಪಿನ್ನನ್ನ ಅದು ಬಿಗಿಯಾಗಿ ಹಿಡಿಯಲ್ಲ, ರಸ್ತೆಯ ಪ್ರತಿ ಹಂಪಲ್ಲೂ ಸಂಪರ್ಕ ತಪ್ಪುತ್ತೆ. ನಮ್ಮ ಮಳೆಗೆ ಟರ್ಮಿನಲ್ ಮೇಲೆ ಹಸಿರು ಕಿಲುಬು ಕೂತಿರೋದೂ ಇದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಚೆನ್ನಾಗಿ ಆರಲು ಬಿಡಿ.

ಹಾಸನ_ಹ್ಯಾಚ್‌ಬ್ಯಾಕ್:
16ರಲ್ಲಿ 12.3, 7ರಲ್ಲಿ 11.8 ವೋಲ್ಟ್. 6 ಮತ್ತು 14 ಖಾಲಿ.

ಕಡೂರು_ಕೆಲೈನ್:
ಹಾಗಾದರೆ ಕೆ-ಲೈನೇ. ಆ ಲೈನ್ ಓಬಿಡಿ ಭಾಷೆಗೆ ಉತ್ತರ ಕೊಡುತ್ತಾ ಅನ್ನೋದನ್ನ ಈಗಿರೋ ಅಡಾಪ್ಟರಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಬ್ಲೂಟೂತ್ ಟರ್ಮಿನಲ್ ಆಪ್ ಹಾಕಿಕೊಂಡು, ಕೀ ಆನ್ ಮಾಡಿ, ಇಂಗ್ಲಿಷ್ ಅಕ್ಷರಗಳಲ್ಲಿ ಎಟಿಜೆಡ್ (ಅಡಾಪ್ಟರ್ ರೀಸೆಟ್) ಕಳಿಸಿ, ಆಮೇಲೆ ಎಟಿಎಸ್‌ಪಿ5 (5ನೇ ಪ್ರೋಟೋಕಾಲ್, ಅಂದರೆ ಮಾತಿನ ವಿಧಾನ), ಆಮೇಲೆ 0100 (ಇಸಿಯುಗೆ ಮೊದಲ ಪ್ರಶ್ನೆ). ಉತ್ತರ 41 00 ಅಂತ ಶುರುವಾದರೆ ಇಸಿಯು ಸಿಕ್ಕಿತು. ಬಸ್ ಇನಿಟ್ ಎರರ್ (ಸಂಪರ್ಕ ಶುರುವಾಗಲಿಲ್ಲ ಅಂತ) ಬಂದರೆ ಕೀ ಆಫ್ ಮಾಡಿ 10 ಸೆಕೆಂಡ್ ಬಿಟ್ಟು 5ರ ಜಾಗದಲ್ಲಿ 4, ಆಮೇಲೆ 3 ಹಾಕಿ ನೋಡಿ. ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಅಡಾಪ್ಟರಿಗೇ ಆ ಆಜ್ಞೆ ಅರ್ಥ ಆಗ್ತಿಲ್ಲ ಅಂತ.

3 ಮತ್ತು 4ರಲ್ಲಿ ಅವಸರ ಬೇಡ. ಅಲ್ಲಿ ಇಸಿಯುವನ್ನ ಎಬ್ಬಿಸೋದು ಸೆಕೆಂಡಿಗೆ 5 ಬಿಟ್ ವೇಗದಲ್ಲಿ. ವಿಳಾಸದ ಒಂದು ಬೈಟ್, ಶುರು-ಕೊನೆ ಬಿಟ್ ಸೇರಿ 10 ಬಿಟ್, ಹೋಗೋಕೇ 2 ಸೆಕೆಂಡ್ ಹಿಡಿಯುತ್ತೆ. ಆಪ್‌ಗಳು ತಾವೇ ಹುಡುಕುವಾಗ ಇಲ್ಲೇ ತಾಳ್ಮೆ ಕಳ್ಕೊಳ್ಳೋದು. ಉತ್ತರ ಬಂದ ಸಂಖ್ಯೆಯ ಪ್ರೋಟೋಕಾಲನ್ನ ಆಪ್‌ನ ವೆಹಿಕಲ್ ಪ್ರೊಫೈಲಲ್ಲಿ ಖಾಯಂ ಮಾಡಿ.

ಮೂರಕ್ಕೂ ಉತ್ತರ ಇಲ್ಲದಿದ್ದರೆ ಬೇರೆ ಅಡಾಪ್ಟರ್ ನೋಡಿ. ಸ್ಟಿಕ್ಕರ್ ನಂಬರನ್ನ ನಂಬಬೇಡಿ: ಅಸಲಿ ಇಎಲ್ಎಂ ಕಂಪನಿ 1.5 ಅನ್ನೋ ವರ್ಷನ್ನನ್ನ ಬಿಡಲೇ ಇಲ್ಲ, 1.4ರ ಸಾಲಿಂದ ನೇರ 2.0ಗೆ ಹೋಯಿತು. ಆದರೂ 1.5 ಅಂತ ಬರೋ, ಒಳಗೆ ಪಿಐಸಿ18ಎಫ್25ಕೆ80 ಚಿಪ್ ಇರೋ ನಕಲಿಗಳೇ ಹಳೇ ಗಾಡಿಗೆ ವಾಸಿ. ಕೆ-ಲೈನ್ ಗಾಡಿಯಲ್ಲಿ ಚೆನ್ನಾಗಿ ಓದುತ್ತೆ ಅಂತ ಗೊತ್ತಿರೋ ಅಡಾಪ್ಟರನ್ನ ಯಾರಿಂದಲಾದರೂ ಒಂದು ದಿನಕ್ಕೆ ಇಸ್ಕೊಂಡು ಹಾಕಿ ನೋಡೋದು ಇನ್ನೂ ಒಳ್ಳೇದು. ಅದರಲ್ಲೂ ಬರಲಿಲ್ಲ ಅಂದರೆ ಗಾಡಿಯದ್ದೇ ಸ್ವಂತ ಭಾಷೆ, ಆ ಕಂಪನಿಗೆ ಅಂತಲೇ ಮಾಡಿರೋ ಆಪ್ ಬೇಕು. ಐಫೋನ್ ಇರೋರಿಗೆ ಈ ನೀಲಿ ಬ್ಲೂಟೂತ್ ಆಗಲ್ಲ, ವೈಫೈ ಇಲ್ಲವೇ ಬಿಎಲ್ಇ (ಕಡಿಮೆ ಕರೆಂಟಿನ ಬ್ಲೂಟೂತ್) ಇರೋದು ತಗೊಳ್ಳಿ.

ಚಿಕ್ಕಮಗಳೂರು_ಗೇಜ್:
ಇಸಿಯು ಸಿಕ್ಕ ಮೇಲೆ ಓದೋದರ ಬಗ್ಗೆ ಒಂದೆರಡು ಮಾತು. ಕೆ-ಲೈನ್ ವೇಗ ಸೆಕೆಂಡಿಗೆ 10,400 ಬಿಟ್ ಅಷ್ಟೇ. ಪರದೆ ಮೇಲೆ ಹತ್ತು ಮೀಟರ್ ಇಟ್ಟರೆ ಎಲ್ಲವೂ ತೆವಳುತ್ತೆ, ಮೂರು ನಾಲ್ಕು ಸಾಕು.

ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) ಇರೋ ಗಾಡಿಯಲ್ಲಿ ಕೀ ಆನ್, ಇಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಪುಸ್ತಕದಲ್ಲಿ 101 ಕಿಲೋಪ್ಯಾಸ್ಕಲ್ ಅಂತ ಇರುತ್ತೆ, ಅದು ಮಂಗಳೂರಿಗೆ ಸರಿ. ಹಾಸನ ಸಮುದ್ರ ಮಟ್ಟದಿಂದ ಹತ್ತಿರಹತ್ತಿರ 950 ಮೀಟರ್ ಮೇಲಿದೆ, ಇಲ್ಲಿ 90ರ ಆಸುಪಾಸು ಬಂದರೇ ಸರಿ. ಮುಳ್ಳಯ್ಯನಗಿರಿ ತುದಿಯಲ್ಲಿ 80ರ ಹತ್ತಿರ. 90 ನೋಡಿ ಸೆನ್ಸರ್ ಹೋಯಿತು ಅಂತ ಹೊಸದು ಹಾಕಿಸಬೇಡಿ. ಹಾಸನದಲ್ಲಿ ನಿಂತು 101 ತೋರಿಸಿದರೆ ಆಗ ಅನುಮಾನ ಪಡಿ.

ಕೂಲೆಂಟ್ ಟೆಂಪರೇಚರ್ ಮೈನಸ್ 40 ಡಿಗ್ರಿ ತೋರಿಸಿದರೆ ಸೆನ್ಸರ್ ವೈರ್ ಕಿತ್ತಿದೆ ಅಥವಾ ಕನೆಕ್ಟರ್ ಬಿಟ್ಟಿದೆ. ಬಿಸಿಯಾದ ಇಂಜಿನ್ ಶಿರಾಡಿ ಇಳಿಯುವಾಗ 90ರಿಂದ 65ಕ್ಕೆ ಬಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಇಂಜಿನ್ ಓಡುವಾಗ ಬ್ಯಾಟರಿ 13.8ರಿಂದ 14.4 ವೋಲ್ಟ್ ಇರಬೇಕು. ಓಡಿಸ್ತಾ ಫೋನ್ ನೋಡಬೇಡಿ, ಲಾಗ್ ಆನ್ ಮಾಡಿಟ್ಟು ಗಾಡಿ ನಿಲ್ಲಿಸಿದ ಮೇಲೆ ನೋಡಿ.

ಮೂಡಿಗೆರೆ_ವೈರಿಂಗ್:
ಇನ್ನೊಂದು. ಲೈಟ್ ಹತ್ತಿ ಆರ್ತಿದೆ ಅಂದಿರಲ್ಲ, ದೋಷದ ಕೋಡ್ ಸಿಕ್ಕ ತಕ್ಷಣ ಕ್ಲಿಯರ್ ಒತ್ತಬೇಡಿ. ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ಟೆಂಪರೇಚರ್, ಲೋಡ್ ಫ್ರೀಜ್ ಫ್ರೇಮಲ್ಲಿ ಇರುತ್ತೆ, ಕ್ಲಿಯರ್ ಮಾಡಿದರೆ ಅದೂ ಹೋಗುತ್ತೆ. ಮೊದಲು ಸ್ಕ್ರೀನ್‌ಶಾಟ್ ತೆಗೀರಿ. ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ದೋಷ) ಪಟ್ಟಿಯನ್ನೂ ಬೇರೆ ನೋಡಿ.

ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. 16ನೇ ಪಿನ್ನಿಗೆ ಕೀ ಆಫ್ ಆದರೂ ಕರೆಂಟ್ ಇರುತ್ತೆ. 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2 ಆಂಪಿಯರ್-ಅವರ್. 35 ಆಂಪಿಯರ್-ಅವರಿನ ಬ್ಯಾಟರಿ ಎರಡು ವಾರದಲ್ಲಿ ಅರ್ಧ ಖಾಲಿ, ಗಾಡಿ ಶೆಡ್ಡಲ್ಲೇ ನಿಂತಿರೋ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ.